ಛಾಪಾ ಕಾಗದ ಬೇಡ, ಸಾಕ್ಷಿ ಗಟ್ಟಿಯಿರಲಿ

ಓದುಗರ ಪ್ರಶ್ನೆ, ಬಲ್ಲವರ ಉತ್ತರ. ಈ ತಿಂಗಳ ವಿಷಯ: ವಿಲ್, ಅಂದರೆ ಮರಣಶಾಸನ.

ಬಂದ ಪತ್ರಗಳಲ್ಲಿ ಹೆಚ್ಚಿನವು ಸ್ಟಾಂಪ್ ಪೇಪರ್, ಸೀಲು, ಫೀಸಿನ ವಿಚಾರ ಕೇಳಿವೆ. ವಿಲ್‌ಗಳು ಕೋರ್ಟಿನಲ್ಲಿ ಬಿದ್ದುಹೋಗುವುದು ಅದರಿಂದಲ್ಲ. ಬರೆದವರು ತಮ್ಮದಲ್ಲದ ಪಾಲನ್ನೂ ಬರೆದಿರುತ್ತಾರೆ, ಇಲ್ಲವೇ ಬಂದು ಸಾಕ್ಷಿ ಹೇಳುವವರು ಸಿಗುವುದಿಲ್ಲ. ಹಾಗಾಗಿ ಉತ್ತರಗಳಲ್ಲಿ ಆ ಎರಡಕ್ಕೇ ಹೆಚ್ಚು ಜಾಗ ಹೋಗಿದೆ.

ನನಗೆ 72 ವರ್ಷ. ಊರಲ್ಲೊಂದು ಮನೆ, ತುಮಕೂರಿನಲ್ಲೊಂದು ಸೈಟು, ಎರಡೂ ನನ್ನ ದುಡಿಮೆಯವು. ವಿಲ್‌ಗೆ ಎಷ್ಟು ರೂಪಾಯಿ ಸ್ಟಾಂಪ್ ಪೇಪರ್ ತರಬೇಕು? ನೋಟರಿ ಸಾಕೋ, ರಿಜಿಸ್ಟರ್ ಮಾಡಿಸಲೇಬೇಕೋ?
— ಓದುಗರು, ತಿಪಟೂರು

ಒಂದು ರೂಪಾಯಿಯದೂ ಬೇಡ. ವಿಲ್‌ಗೆ ಮುದ್ರಾಂಕ ಶುಲ್ಕವೇ ಇಲ್ಲ, ಬಿಳಿ ಹಾಳೆ ಸಾಕು. ಕೈಬರಹವಾದರೂ ಸರಿ, ಟೈಪು ಮಾಡಿಸಿದರೂ ಸರಿ. ನಿಮಗೆ ಓದಲು ಬರುವ ಭಾಷೆಯಲ್ಲಿರಲಿ. ಕನ್ನಡ ಮಾತ್ರ ಬಲ್ಲವರ ವಿಲ್ ಇಂಗ್ಲಿಷಿನಲ್ಲಿದ್ದರೆ ‘ಓದಿ ಅರ್ಥಮಾಡಿಕೊಂಡೇ ಸಹಿ ಹಾಕಿದರು’ ಎಂದು ಮುಂದೆ ಯಾರೋ ಸಾಬೀತು ಮಾಡಬೇಕಾಗುತ್ತದೆ. ನೋಟರಿ ಸೀಲಿನಿಂದ ವಿಲ್‌ಗೆ ಹೊಸ ಬಲವೇನೂ ಬರುವುದಿಲ್ಲ.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮು ಕೇಳುವುದು ಇಷ್ಟು: ನೀವು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ನೋಡಿರಬೇಕು, ಅಥವಾ ‘ಇದು ನನ್ನದೇ ಸಹಿ’ ಎಂದು ನೀವು ಅವರಿಗೆ ಹೇಳಿರಬೇಕು. ಅವರಿಬ್ಬರೂ ನಿಮ್ಮ ಎದುರಿಗೇ ಸಹಿ ಹಾಕಬೇಕು. ಸಾಕ್ಷಿಗಳು ಇಬ್ಬರೂ ಒಂದೇ ಹೊತ್ತಿಗೆ ಇರಲೇಬೇಕೆಂದು ಕಾನೂನು ಹೇಳುವುದಿಲ್ಲ. ಆದರೂ ಮೂವರೂ ಒಂದೇ ಮೇಜಿನ ಸುತ್ತ ಕೂತು ಒಂದೇ ಪೆನ್ನಿನಲ್ಲಿ ಮುಗಿಸಿ. ನಂತರ ಕಟಕಟೆಯಲ್ಲಿ ‘ಮೊದಲು ಯಾರು ಸಹಿ ಹಾಕಿದರು’ ಎಂಬ ಪ್ರಶ್ನೆಗೆ ಇಬ್ಬರೂ ಒಂದೇ ಉತ್ತರ ಕೊಡುವಂತಿರಬೇಕು.

ಸಾಕ್ಷಿ ವಿಲ್ ಓದಬೇಕಾಗಿಲ್ಲ, ನೀವು ಸಹಿ ಹಾಕಿದ್ದನ್ನು ನೋಡಿದರೆ ಸಾಕು. ಆಸ್ತಿ ಪಡೆಯುವವರಾಗಲಿ, ಅವರ ಹೆಂಡತಿ ಅಥವಾ ಗಂಡನಾಗಲಿ ಸಾಕ್ಷಿ ಆಗುವುದು ಬೇಡ. ನಿಮ್ಮ ವಾರಿಗೆಯ ಸ್ನೇಹಿತರಿಗಿಂತ ಇಪ್ಪತ್ತು ವರ್ಷ ಚಿಕ್ಕವರನ್ನು ಆರಿಸಿ. ನೀವು ಹೋದ ಮೇಲೆ ಬಂದು ಹೇಳುವವರು ಅವರೇ ತಾನೆ. ಹೆಸರಿನ ಜೊತೆ ತಂದೆಯ ಹೆಸರು, ವಯಸ್ಸು, ಪೂರ್ತಿ ವಿಳಾಸ ಇರಲಿ. ಎಲ್ಲ ಪುಟಕ್ಕೂ ನಿಮ್ಮ ಸಹಿ, ‘4ರಲ್ಲಿ 2’ ಎಂಬಂತೆ ಪುಟಸಂಖ್ಯೆ ಇರಲಿ. ಕಾನೂನು ಇದನ್ನು ಕಡ್ಡಾಯ ಮಾಡಿಲ್ಲ, ಆದರೆ ನಡುವಿನ ಪುಟ ಬದಲಾಯಿಸಿದರು ಎಂಬ ಆರೋಪದ ಬಾಯಿ ಅಲ್ಲೇ ಮುಚ್ಚುತ್ತದೆ. ಎಪ್ಪತ್ತು ದಾಟಿದವರು ‘ಮನಸ್ಸು ಸ್ವಸ್ಥವಾಗಿದೆ’ ಎಂಬ, ಅದೇ ದಿನದ ತಾರೀಖಿನ ವೈದ್ಯರ ಚೀಟಿಯನ್ನೂ ಜೊತೆಗಿಟ್ಟರೆ ಒಳ್ಳೆಯದು.

ರಿಜಿಸ್ಟ್ರೇಷನ್ ನಿಮ್ಮಿಷ್ಟ. ಮಾಡಿಸಿ ಎಂದೇ ನಮ್ಮ ಸಲಹೆ, ಏಕೆಂದರೆ ಮೂಲಪ್ರತಿ ಕಳೆದರೂ ಕಚೇರಿಯಲ್ಲಿ ನಕಲು ಉಳಿಯುತ್ತದೆ. ಆಸ್ತಿ ಇರುವ ಊರಿನ ಕಚೇರಿಯೇ ಆಗಬೇಕಿಲ್ಲ. ಹಾಸಿಗೆ ಹಿಡಿದವರಿದ್ದರೆ ಉಪನೋಂದಣಾಧಿಕಾರಿ ಮನೆಗೇ ಬರಲು ಕಾನೂನಿನಲ್ಲಿ ಅವಕಾಶವಿದೆ. ಮಕ್ಕಳು ನೋಡಿಬಿಟ್ಟಾರು ಎಂಬ ಭಯವೂ ಬೇಡ: ವಿಲ್ ದಾಖಲಾಗುವುದು 3ನೇ ಪುಸ್ತಕದಲ್ಲಿ, ಅದು ಇ.ಸಿ.ಯಲ್ಲಿ (ಋಣಭಾರ ಪ್ರಮಾಣಪತ್ರದಲ್ಲಿ) ಬರುವುದಿಲ್ಲ, ನೀವಿರುವವರೆಗೆ ನಕಲು ನಿಮಗೆ ಅಥವಾ ನಿಮ್ಮ ಅಧಿಕೃತ ಪ್ರತಿನಿಧಿಗೆ ಮಾತ್ರ.

ಕಚೇರಿಯಲ್ಲಿ ಒಂದು ಎಡವಟ್ಟು ಪದೇ ಪದೇ ಆಗುತ್ತದೆ. ಅಲ್ಲಿ ನಿಮ್ಮನ್ನು ಗುರುತಿಸಲು ಸಹಿ ಹಾಕುವವರು ಬೇರೆ, ವಿಲ್‌ನ ಸಾಕ್ಷಿಗಳು ಬೇರೆ. ಹೊರಗಡೆ ಸಿಕ್ಕ ಯಾರನ್ನೋ ಕರೆದು ಗುರುತಿಸಲು ಸಹಿ ಹಾಕಿಸಿ, ಅವರೇ ವಿಲ್‌ಗೂ ಸಾಕ್ಷಿ ಎಂದುಕೊಂಡು ಮನೆಗೆ ಬಂದರೆ ರಿಜಿಸ್ಟರ್ ಆದ ವಿಲ್ ಕೂಡ ನಿಲ್ಲದೆ ಹೋಗಬಹುದು. ವಿಲ್‌ನ ಕೊನೆಯ ಪುಟದಲ್ಲೇ ಇಬ್ಬರ ಸಹಿ ಬಿದ್ದ ಮೇಲೆ ಕಚೇರಿಗೆ ಹೋಗಿ.

ಇನ್ನೊಂದು ಮಾತು. ಯಾವ ಮಗನಿಗೆ ಹೆಚ್ಚು ಬರೆಯುತ್ತೀರೋ ಅವನೇ ವಕೀಲರನ್ನು ಗೊತ್ತುಮಾಡಿ, ಕರಡು ಬರೆಸಿ, ಕಾರಿನಲ್ಲಿ ಕೂರಿಸಿಕೊಂಡು ಬರುವುದು ಬೇಡ. ಮೈಸೂರು ಸೀಮೆಯಿಂದ ಸುಪ್ರೀಂ ಕೋರ್ಟಿಗೆ ಹೋದ ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ ಪ್ರಕರಣದ ತೀರ್ಪನ್ನು ವಿಲ್ ವ್ಯಾಜ್ಯಗಳಲ್ಲಿ ಇಂದಿಗೂ ಎತ್ತಿ ಹೇಳುತ್ತಾರೆ. ಲಾಭ ಪಡೆಯುವವನೇ ವಿಲ್ ಬರೆಸುವುದರಲ್ಲಿ ಮುಂದೆ ನಿಂತಿದ್ದರೆ ಅದು ಅನುಮಾನದ ಸಂಗತಿ, ಆ ಅನುಮಾನ ಕಳೆಯುವ ಭಾರ ಅವನ ಮೇಲೇ ಎನ್ನುತ್ತದೆ ಅದು.

ಹೆಂಡತಿ ತೀರಿಕೊಂಡಿದ್ದಾಳೆ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಪಿತ್ರಾರ್ಜಿತ ಜಮೀನು 8 ಎಕರೆ. ಮಗಳ ಮದುವೆಗೆ ಸಾಕಷ್ಟು ಖರ್ಚು ಮಾಡಿದ್ದೇನೆ. ಪೂರ್ತಿ ಜಮೀನನ್ನು ಗಂಡುಮಕ್ಕಳ ಹೆಸರಿಗೆ ವಿಲ್ ಬರೆದರೆ ನಡೆಯುತ್ತದೆಯೇ?
— ಓದುಗರು, ಅರಸೀಕೆರೆ

ನಡೆಯುವುದು 2 ಎಕರೆ ಮಟ್ಟಿಗೆ. ಜಮೀನು ನಿಜಕ್ಕೂ ಅವಿಭಕ್ತ ಪಿತ್ರಾರ್ಜಿತವೇ ಆಗಿದ್ದರೆ ನೀವು, ಇಬ್ಬರು ಗಂಡುಮಕ್ಕಳು, ಮಗಳು ಸೇರಿ ನಾಲ್ವರೂ ಸಮಾನ ಪಾಲುದಾರರು. ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಿಂದ ಮಗಳಿಗೆ ಹುಟ್ಟಿನಿಂದಲೇ ಹಕ್ಕು. ಮದುವೆ ಯಾವಾಗ ಆಯಿತು ಎಂಬುದು ಲೆಕ್ಕಕ್ಕಿಲ್ಲ. ಕರ್ನಾಟಕ 1994ರಲ್ಲೇ ಇಂಥ ತಿದ್ದುಪಡಿ ತಂದಿತ್ತು. ಅದು ಆಗಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿದ್ದರಿಂದ ಹಳ್ಳಿಗಳಲ್ಲಿ ‘ಮದುವೆಯಾದವಳಿಗೆ ಇಲ್ಲ’ ಎಂಬ ಮಾತು ಇನ್ನೂ ಓಡಾಡುತ್ತಿದೆ. ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪಿನ ನಂತರ ಅದಕ್ಕೆ ಆಧಾರವಿಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆ ನಿಮ್ಮಲ್ಲಿ ನೋಂದಾಯಿತ ಪತ್ರದಿಂದ ಅಥವಾ ಕೋರ್ಟಿನ ಡಿಕ್ರಿಯಿಂದ ವಿಭಾಗ ಆಗಿಹೋಗಿದ್ದರೆ ಮಾತ್ರ ಲೆಕ್ಕ ಬೇರೆ.

ಮದುವೆ ಖರ್ಚು ಪಾಲಲ್ಲ. ಮಗಳು ಮನಸಾರೆ ಬಿಟ್ಟುಕೊಡುವುದಾದರೆ ಹಕ್ಕುಖುಲಾಸೆ ಪತ್ರ ನೋಂದಣಿ ಆಗಬೇಕು. ‘ನನಗೇನೂ ಬೇಡಪ್ಪ’ ಎಂದು ಬಿಳಿ ಹಾಳೆಯಲ್ಲಿ ಬರೆಸಿಕೊಂಡದ್ದು ನಿಲ್ಲುವುದಿಲ್ಲ. ನಿಮ್ಮ 2 ಎಕರೆಯನ್ನು ಯಾರಿಗೆ ಬೇಕಾದರೂ ಬರೆಯಿರಿ. ಬರೆಯದೆ ಹೋದರೆ ಆ 80 ಗುಂಟೆ ಮೂವರಿಗೂ 26 ಮುಕ್ಕಾಲು ಗುಂಟೆಯ ಹತ್ತಿರ ಹತ್ತಿರ ಹಂಚಿಹೋಗುತ್ತದೆ.

ಅದಕ್ಕೂ ಮೊದಲು ಇದು ಪಿತ್ರಾರ್ಜಿತ ಹೌದೇ ಎಂದು ಪತ್ರಗಳನ್ನು ತೆಗೆದು ನೋಡಿ. ನಿಮ್ಮ ತಂದೆ ಸ್ವಂತ ದುಡ್ಡಿನಲ್ಲಿ ಕೊಂಡ ಜಮೀನು, ಅವರು 1956ರ ನಂತರ ವಿಲ್ ಬರೆಯದೆ ತೀರಿಕೊಂಡದ್ದರಿಂದ ನಿಮ್ಮ ಪಾಲಿಗೆ ಬಂದಿದ್ದರೆ, ಅದು ನಿಮ್ಮ ಸ್ವಂತದ್ದಾಗುತ್ತದೆ. ಆಗ ಎಂಟಕ್ಕೆ ಎಂಟೂ ಎಕರೆ ನಿಮ್ಮಿಷ್ಟ. ‘ಅಜ್ಜನ ಕಾಲದ್ದು’ ಎಂದ ಮಾತ್ರಕ್ಕೆ ಪಿತ್ರಾರ್ಜಿತ ಆಗುವುದಿಲ್ಲ. ಕ್ರಯಪತ್ರ ಯಾರ ಹೆಸರಲ್ಲಿತ್ತು, ದುಡ್ಡು ಎಲ್ಲಿಯದು, ವಿಭಾಗ ಯಾವಾಗ ಆಯಿತು, ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ವಿಲ್ ಬರೆಯಲು ಕೂತುಕೊಳ್ಳಿ. ವಿಲ್‌ನಲ್ಲೂ ಆ ಮೂಲವನ್ನು ಎರಡು ಸಾಲಿನಲ್ಲಿ ಬರೆಯಿರಿ.

ನನ್ನದೇ ಅಡಿಕೆ ತೋಟ 4 ಎಕರೆ 20 ಗುಂಟೆ, ಒಂದೇ ಸರ್ವೆ ನಂಬರು. ‘ಮೂಡಣ ಅರ್ಧ ದೊಡ್ಡವನಿಗೆ, ಪಡುವಣ ಅರ್ಧ ಚಿಕ್ಕವನಿಗೆ’ ಎಂದು ಬರೆದರೆ ಸಾಕಲ್ಲವೇ?
— ಓದುಗರು, ತರೀಕೆರೆ

ಸಾಲದು. ಜಗಳ ಹುಟ್ಟುವುದೇ ಆ ‘ಅರ್ಧ’ದಲ್ಲಿ. ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ನೆಲ, ಎಷ್ಟಿದೆ, ಅದು ಯಾರ ಕಡೆಗೆ ಬೀಳುತ್ತದೆ? ಹಳ್ಳದ ದಂಡೆಯ 6 ಗುಂಟೆ ಖರಾಬು ಪೂರ್ತಿ ಒಬ್ಬನ ಭಾಗಕ್ಕೆ ಬಂದರೆ ಕಾಗದದ 2 ಎಕರೆ 10 ಗುಂಟೆ ನೆಲದ ಮೇಲೆ ಅಷ್ಟೇ ಇರುವುದಿಲ್ಲ. ಮೊದಲು ಸರ್ವೆಯವರಿಂದ ಅಳತೆ ಮಾಡಿಸಿ ನಕ್ಷೆ ತೆಗೆಸಿ, ವಿಲ್‌ಗೆ ಲಗತ್ತಿಸಿ, ಅದರ ಮೇಲೂ ನೀವು ಮತ್ತು ಸಾಕ್ಷಿಗಳು ಸಹಿ ಹಾಕಿ. ಬರಹ ಹೀಗಿರಬಹುದು:

‘ನನ್ನ ಸ್ವಯಾರ್ಜಿತ ಸ್ವತ್ತಾದ ಇಂಥ ಗ್ರಾಮದ, ಇಂಥ ಸರ್ವೆ ನಂಬರಿನ 4 ಎಕರೆ 20 ಗುಂಟೆ ಪೈಕಿ, ಲಗತ್ತಿಸಿದ ನಕ್ಷೆಯಲ್ಲಿ ‘ಎ’ ಎಂದು ಗುರುತಿಸಿರುವ 2 ಎಕರೆ 10 ಗುಂಟೆ. ಚೆಕ್ಕುಬಂದಿ: ಪೂರ್ವಕ್ಕೆ ಬಂಡಿದಾರಿ, ಪಶ್ಚಿಮಕ್ಕೆ ಇದೇ ನಂಬರಿನ ‘ಬಿ’ ಭಾಗ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಇಂಥವರ ಜಮೀನು. ಇದು ನನ್ನ ನಂತರ ನನ್ನ ಹಿರಿಯ ಮಗನಿಗೆ ಸೇರತಕ್ಕದ್ದು. ‘ಎ’ ಭಾಗದಲ್ಲಿರುವ ಕೊಳವೆಬಾವಿಯ ನೀರು ಇಬ್ಬರಿಗೂ ದಿನ ಬಿಟ್ಟು ದಿನ. ಪಂಪು ರಿಪೇರಿ, ಕರೆಂಟಿನ ಖರ್ಚು ಸಮಪಾಲು. ‘ಬಿ’ ಭಾಗಕ್ಕೆ ಬಂಡಿದಾರಿಯಿಂದ 12 ಅಡಿ ಅಗಲದ ಓಡಾಟದ ಹಕ್ಕು.’

ಬಾವಿ, ದಾರಿ, ಅಡಿಕೆ ಬೇಯಿಸುವ ಒಲೆಯ ಜಾಗ, ಒಣಗಿಸುವ ಅಂಗಳ, ಪಂಪಿನ ಆರ್.ಆರ್. ನಂಬರು (ವಿದ್ಯುತ್ ಸಂಪರ್ಕದ ಸಂಖ್ಯೆ), ಬೆಳೆಸಾಲದ ಬಾಕಿ ಯಾರ ತಲೆಗೆ, ಇವು ವಿಲ್‌ನಲ್ಲಿ ಇಲ್ಲದಿದ್ದರೆ ಜಮೀನು ಭಾಗವಾದರೂ ಮನಸ್ತಾಪ ಭಾಗವಾಗುವುದಿಲ್ಲ. ಕೊನೆಗೆ ‘ಇಲ್ಲಿ ಹೇಳದ ನನ್ನ ಇತರ ಎಲ್ಲ ಚರ-ಸ್ಥಿರ ಸ್ವತ್ತುಗಳು’ ಯಾರಿಗೆ ಎಂಬ ಒಂದು ಸಾಲು ಬರೆಯಲು ಮರೆಯಬೇಡಿ.

ಮದುವೆಗೆ ಮುಂಚೆ ನಮ್ಮ ಯಜಮಾನರು ಎಫ್.ಡಿ.ಗಳಿಗೆಲ್ಲ ತಮ್ಮನನ್ನು ನಾಮಿನಿ ಮಾಡಿದ್ದರು. ಈಗ ಅವರಿಲ್ಲ. ದುಡ್ಡು ಬ್ಯಾಂಕಿನಿಂದ ಮೈದುನನ ಕೈಗೆ ಹೋಗಿದೆ. ‘ನಾಮಿನಿ ನಾನೇ, ದುಡ್ಡು ನನ್ನದೇ’ ಅನ್ನುತ್ತಾರೆ.
— ಓದುಗರು, ಬೆಂಗಳೂರು

ಬ್ಯಾಂಕು ಅವರಿಗೆ ಕೊಟ್ಟದ್ದು ಸರಿ, ಅವರು ಇಟ್ಟುಕೊಳ್ಳುವುದು ತಪ್ಪು. ಬ್ಯಾಂಕು ಯಾರ ಕೈಗೆ ಕೊಟ್ಟು ತನ್ನ ಹೊಣೆ ಕಳೆದುಕೊಳ್ಳಬಹುದು ಎಂಬುದನ್ನಷ್ಟೇ ನಾಮಿನೇಷನ್ ಹೇಳುತ್ತದೆ. ದುಡ್ಡು ಯಾರದೆಂದು ತೀರ್ಮಾನಿಸುವುದು ವಿಲ್, ವಿಲ್ ಇಲ್ಲದಿದ್ದರೆ ಉತ್ತರಾಧಿಕಾರ ಕಾನೂನು. ಷೇರುಗಳಿಗೂ ಇದೇ ನಿಯಮ ಎಂದು 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಿಂದೂ ಗಂಡಸು ವಿಲ್ ಇಲ್ಲದೆ ತೀರಿಕೊಂಡರೆ ಹೆಂಡತಿ, ಮಕ್ಕಳು ಮತ್ತು ತಾಯಿಗೆ ಸಮಪಾಲು. ಅತ್ತೆಯವರು ಇದ್ದರೆ ಅವರಿಗೂ ಒಂದು ಪಾಲಿದೆ ಎಂಬುದು ನೆನಪಿರಲಿ. ಈ ಪಟ್ಟಿಯಲ್ಲಿ ತಮ್ಮ ಬರುವುದಿಲ್ಲ. ಮೊದಲು ವಕೀಲರ ನೋಟಿಸು, ಬಗ್ಗದಿದ್ದರೆ ಸಿವಿಲ್ ದಾವೆ.

ಭವಿಷ್ಯನಿಧಿಯ ಕಡತ ಬೇರೆಯಾಗಿ ನೋಡಿ. ಸಂಸಾರ ಆಗುವ ಮುಂಚೆ ಮಾಡಿದ ಇ.ಪಿ.ಎಫ್. ನಾಮಿನೇಷನ್ ಮದುವೆಯಾದ ಮೇಲೆ ತಾನಾಗಿಯೇ ಅಸಿಂಧು. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ನಂತರ ತಂದೆ-ತಾಯಿ, ಗಂಡ-ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಅವರಿಗೆ ಹಣದ ಮೇಲೇ ಹಕ್ಕು. ತಮ್ಮ ಆ ಸಾಲಿಗೆ ಸೇರುವುದಿಲ್ಲ. ಉಳಿದ ಓದುಗರಿಗೆ: 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ಪಾಸ್‌ಬುಕ್ ತೆಗೆದು ಈಗ ಯಾರ ಹೆಸರಿದೆ ನೋಡಿ.

ನಾನು ಶಾಲಾ ಶಿಕ್ಷಕಿ. ಗಂಡ ತೀರಿಹೋಗಿದ್ದಾರೆ, ಮಕ್ಕಳಿಲ್ಲ. ನನ್ನ ಸಂಬಳದಲ್ಲೇ ಕೊಂಡ ಮನೆಯಲ್ಲಿ ಅವ್ವನ ಜೊತೆ ಇದ್ದೇನೆ. ನನ್ನ ನಂತರ ಮನೆ ಅವ್ವನಿಗೇ ಹೋಗುತ್ತದಲ್ಲ, ವಿಲ್ ಯಾಕೆ?
— ಓದುಗರು, ಧಾರವಾಡ

ಹೋಗುವುದಿಲ್ಲ. ಇವತ್ತೇ ಬರೆಯಿರಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನ ಪ್ರಕಾರ ಹೆಣ್ಣುಮಗಳ ಸ್ವಂತ ಆಸ್ತಿಗೆ ಮೊದಲು ಗಂಡ ಮತ್ತು ಮಕ್ಕಳು. ಅವರಿಲ್ಲದಿದ್ದರೆ ಗಂಡನ ವಾರಸುದಾರರು. ಅವರೂ ಯಾರೂ ಇಲ್ಲದಿದ್ದರೆ ಮಾತ್ರ ತಾಯಿ-ತಂದೆ. ಅಂದರೆ ನಿಮ್ಮ ಮನೆ ಮೈದುನ, ನಾದಿನಿಯರ ಕಡೆಗೆ ಹೋಗುತ್ತದೆ, ಅವ್ವ ಬೀದಿಯಲ್ಲಿ. ತವರಿನಿಂದ, ಅಂದರೆ ತಂದೆ-ತಾಯಿಯಿಂದ ಬಂದ ಆಸ್ತಿ ಮಾತ್ರ ಮಕ್ಕಳಿಲ್ಲದಿದ್ದಲ್ಲಿ ತಂದೆಯ ವಾರಸುದಾರರಿಗೆ ಮರಳುತ್ತದೆ.

2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದೇ ಪ್ರಕರಣ ಬಂತು. ಮದುವೆಯಾಗಿ ಮೂರೇ ತಿಂಗಳಿಗೆ ವಿಧವೆಯಾಗಿ, ಗಂಡನ ಮನೆಯಿಂದ ಹೊರಬಿದ್ದು, ತವರಿನ ಆಸರೆಯಲ್ಲಿ ಓದಿ ದುಡಿದವರ ಉಳಿತಾಯ ಅದು. ವಿಲ್ ಇರಲಿಲ್ಲ. ಕಾನೂನಿನ ಅಕ್ಷರದಂತೆ ಹಣ ಗಂಡನ ಕಡೆಯವರಿಗೇ ಹೋಯಿತು. ಈ ಕಲಮು ಅನ್ಯಾಯದ್ದು ಎಂದೇ ನಮ್ಮ ಅಭಿಪ್ರಾಯ, ಆದರೆ ಅದು ಬದಲಾಗುವವರೆಗೆ ಒಂದು ಹಾಳೆ, ಎರಡು ಸಾಕ್ಷಿ ಅದನ್ನು ದಾಟಿಸುತ್ತವೆ. ವಯಸ್ಸಿನಲ್ಲಿ ಅವ್ವ ದೊಡ್ಡವರಾದ್ದರಿಂದ, ‘ಅವರು ನನಗಿಂತ ಮುಂಚೆ ತೀರಿಕೊಂಡರೆ ಇಂಥವರಿಗೆ’ ಎಂಬ ಎರಡನೇ ಹೆಸರನ್ನೂ ಹಾಕಿ.

ಮಗ ‘ಮನೆಯನ್ನು ಈಗಲೇ ನನ್ನ ಹೆಸರಿಗೆ ಮಾಡಮ್ಮ, ವಿಲ್ ಎಲ್ಲಾ ರಗಳೆ’ ಅನ್ನುತ್ತಾನೆ. ದಾನಪತ್ರ ಮಾಡಿಕೊಡಲೇ?
— ಓದುಗರು, ಮೈಸೂರು

ವಿಲ್‌ನ್ನು ಸಾಯುವ ಹಿಂದಿನ ದಿನವೂ ಬದಲಾಯಿಸಬಹುದು. ದಾನಪತ್ರ ನೋಂದಣಿಯಾದ ಕ್ಷಣದಿಂದ ಮನೆ ಅವನದು, ಮನಸ್ಸು ಬದಲಾಯಿತೆಂದು ವಾಪಸು ಕೇಳುವಂತಿಲ್ಲ. ಕುಟುಂಬದೊಳಗಿನ ದಾನಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಕಡಿಮೆ ಎಂಬುದೇ ಎಷ್ಟೋ ಜನ ಅವಸರಪಡಲು ಕಾರಣ. ಇರುವುದು ಅದೊಂದೇ ಮನೆಯಾದರೆ ದಾನ ಬೇಡ ಎನ್ನುತ್ತೇವೆ.

ಕೊಡಲೇಬೇಕೆಂದಿದ್ದರೆ ಪತ್ರದೊಳಗೇ ಎರಡು ಮಾತು ಬರೆಸಿ: ‘ನನ್ನ ಜೀವಿತಾವಧಿಯವರೆಗೆ ಈ ಮನೆಯಲ್ಲಿ ವಾಸಿಸುವ ಹಕ್ಕು ನನ್ನದು’, ‘ಊಟ, ಔಷಧ, ಆರೈಕೆ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಈ ದಾನ’. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ, ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯಲ್ಲಿ ದಾನವನ್ನು ರದ್ದು ಮಾಡಿಸಬಹುದು. ಅದಕ್ಕೆ ಆ ಷರತ್ತು ಬೇಕು. ‘ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ’ ಎಂದಷ್ಟೇ ಇರುವ ಪತ್ರಗಳನ್ನು ಹಿಡಿದು ಬಂದ ಎಷ್ಟೋ ತಾಯಂದಿರ ಅರ್ಜಿ ಬಿದ್ದುಹೋಗಿದೆ.

ಅಪ್ಪ ತೀರಿಕೊಂಡು ಎಂಟು ತಿಂಗಳು. ಟ್ರಂಕಿನಲ್ಲಿ ವಿಲ್ ಸಿಕ್ಕಿದೆ, ರಿಜಿಸ್ಟರ್ ಆಗಿಲ್ಲ. ಸಾಕ್ಷಿಗಳಲ್ಲಿ ಒಬ್ಬರು ಈಗಿಲ್ಲ. ನಾವಾಗಲೇ ಪೌತಿ ಖಾತೆಗೆ ಅರ್ಜಿ ಕೊಟ್ಟಿದ್ದೇವೆ. ಮುಂದೇನು?
— ಓದುಗರು, ಚನ್ನರಾಯಪಟ್ಟಣ

ಮೊದಲು ಆ ಹಾಳೆಗೆ ಪಂಚ್ ಹೊಡೆಯಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಮುಂದೆ ಸಹಿ, ಶಾಯಿಯ ಪರೀಕ್ಷೆ ಬೇಕಾದೀತು. ಕಲರ್ ಜೆರಾಕ್ಸ್ ತೆಗೆಸಿ, ಮೂಲಪ್ರತಿಯನ್ನು ಕವರಿನಲ್ಲಿಡಿ.

ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆ ಬದಲಾವಣೆ, ಎಲ್ಲ ವಾರಸುದಾರರ ಹೆಸರಿಗೂ ಆಗುವಂಥದ್ದು, ವಿಲ್ ಪ್ರಕಾರದ ಖಾತೆ ಬೇರೆ. ಅರ್ಜಿ ಇನ್ನೂ ಇತ್ಯರ್ಥ ಆಗಿಲ್ಲದಿದ್ದರೆ ಹಿಂಪಡೆದು, ವಿಲ್, ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ಸೇರಿಸಿ ಹೊಸದಾಗಿ ಕೊಡಿ. ಆಕ್ಷೇಪಣೆಗೆ ನೋಟಿಸು ಹೊರಡುತ್ತದೆ. ಒಡಹುಟ್ಟಿದವರೆಲ್ಲ ಒಪ್ಪಿ ಹೇಳಿಕೆ ಕೊಟ್ಟರೆ ಕೆಲಸ ಸಲೀಸು. ಒಬ್ಬರು ತಕರಾರು ತೆಗೆದರೂ ವಿಲ್ ನಿಜವೋ ಸುಳ್ಳೋ ಎಂದು ತಹಶೀಲ್ದಾರರು ತೀರ್ಮಾನಿಸಲಾರರು. ಅದು ಸಿವಿಲ್ ಕೋರ್ಟಿನ ಕೆಲಸ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ ಎಂಬುದೂ ಗೊತ್ತಿರಲಿ.

ಕೋರ್ಟಿನಲ್ಲಿ ವಿಲ್ ಸಾಬೀತಾಗಲು ಬದುಕಿರುವ ಒಬ್ಬ ಸಾಕ್ಷಿ ಸಾಕು. ಆದರೆ ಅವರು ತಮ್ಮ ಸಹಿಯ ಬಗ್ಗೆ ಮಾತ್ರವಲ್ಲ, ಇನ್ನೊಬ್ಬ ಸಾಕ್ಷಿಯೂ ಅಪ್ಪನ ಎದುರಿಗೇ ಸಹಿ ಹಾಕಿದ್ದನ್ನು ಹೇಳಬೇಕು. ವಕೀಲರು ಇದನ್ನು ಕೇಳಲು ಮರೆತು ಕೇಸು ಸಡಿಲವಾದದ್ದುಂಟು. ಇಬ್ಬರೂ ಇಲ್ಲದ ಪಕ್ಷದಲ್ಲಿ ಒಬ್ಬ ಸಾಕ್ಷಿಯ ಮತ್ತು ಬರೆದವರ ಕೈಬರಹವನ್ನು ಬಲ್ಲವರಿಂದ ಗುರುತಿಸಿಸಬೇಕು. ನಿಮ್ಮಲ್ಲಿ ಒಬ್ಬರಿದ್ದಾರೆ, ಅವರ ವಯಸ್ಸೆಷ್ಟು ನೋಡಿಕೊಂಡು ಬೇಗ ಹೆಜ್ಜೆ ಇಡಿ. ತೀರಿಕೊಂಡ ಮೇಲೂ ವಿಲ್ ಪಡೆದವರು ಅದನ್ನು ನೋಂದಣಿಗೆ ಹಾಜರುಪಡಿಸಬಹುದು, ಅಧಿಕಾರಿ ಸಾಕ್ಷಿಯನ್ನು ಕರೆದು ವಿಚಾರಿಸುತ್ತಾರೆ. ನಿಮಗೆ ಇದೇ ಒಳ್ಳೆಯ ದಾರಿ. ಕರ್ನಾಟಕದಲ್ಲಿ ಹಿಂದೂ ವಿಲ್‌ಗೆ ಪ್ರೊಬೇಟ್, ಅಂದರೆ ವಿಲ್ ಸರಿಯಿದೆ ಎಂಬ ಕೋರ್ಟಿನ ದೃಢೀಕರಣ, ಕಡ್ಡಾಯವಲ್ಲ.

ಮುಸ್ಲಿಮರು ಪೂರ್ತಿ ಆಸ್ತಿಗೆ ವಿಲ್ ಬರೆಯಬಹುದೇ?
— ಓದುಗರು, ಕಲಬುರಗಿ

ಅಂತ್ಯಕ್ರಿಯೆಯ ಖರ್ಚು, ಸಾಲ ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗಕ್ಕೆ ಮಾತ್ರ. ಸುನ್ನಿಗಳಲ್ಲಿ ಅದೂ ವಾರಸುದಾರರಲ್ಲದವರಿಗೆ. ವಾರಸುದಾರರೊಬ್ಬರಿಗೆ ಬರೆದರೆ, ಬರೆದವರು ತೀರಿಕೊಂಡ ಮೇಲೆ ಉಳಿದವರು ಒಪ್ಪಬೇಕು. ಒಬ್ಬ ಮಗಳಿಗೆ ಹೆಚ್ಚು ಕೊಡುವ ಆಸೆಯಿದ್ದರೆ ಬದುಕಿರುವಾಗಲೇ ಹಿಬಾ, ಅಂದರೆ ದಾನ, ಮಾಡಬೇಕು: ಘೋಷಣೆ, ಸ್ವೀಕಾರ, ಸ್ವಾಧೀನ ಮೂರೂ ಆಗಬೇಕು. ಸ್ವಾಧೀನ ಕೊಡದೆ ಕಾಗದ ಮಾತ್ರ ಮಾಡಿದ ಹಿಬಾ ನಿಲ್ಲುವುದಿಲ್ಲ. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ 1925ರ ಕಾಯ್ದೆಯೇ ಅನ್ವಯ, ಅವರಿಗೆ ಈ ಮಿತಿಯಿಲ್ಲ.

ಅಮೆರಿಕದಲ್ಲಿದ್ದೇನೆ. ಅಲ್ಲಿನ ಆಸ್ತಿಗೆ ಆಗಲೇ ವಿಲ್ ಮಾಡಿದ್ದೇನೆ. ಬೆಂಗಳೂರಿನ ಫ್ಲ್ಯಾಟಿಗೆ ಬೇರೆ ಬೇಕೇ?
— ಓದುಗರು, ನ್ಯೂಜೆರ್ಸಿ

ಬೇರೆ ಮಾಡುವುದೇ ಅನುಕೂಲ. ಆದರೆ ಸಿದ್ಧಪಡಿಸಿದ ನಮೂನೆಗಳಲ್ಲಿ ‘ಈ ಹಿಂದಿನ ಎಲ್ಲ ವಿಲ್‌ಗಳನ್ನು ರದ್ದುಪಡಿಸಿದ್ದೇನೆ’ ಎಂಬ ಸಾಲು ಇದ್ದೇ ಇರುತ್ತದೆ. ಅದನ್ನು ಹಾಗೇ ಬಿಟ್ಟರೆ ಹೊಸ ವಿಲ್ ಹಳೆಯದನ್ನು ನುಂಗುತ್ತದೆ. ‘ಭಾರತದಲ್ಲಿರುವ ನನ್ನ ಸ್ವತ್ತುಗಳಿಗೆ ಸಂಬಂಧಿಸಿದ ಹಿಂದಿನ ವಿಲ್‌ಗಳನ್ನು ಮಾತ್ರ’ ಎಂದು ತಿದ್ದಿಸಿ. ಮುಂದೆ ಅಮೆರಿಕದ ವಿಲ್ ಹೊಸದಾಗಿ ಮಾಡಿದಾಗಲೂ ಅಲ್ಲಿನ ವಕೀಲರಿಗೆ ಇದನ್ನು ಹೇಳಿ. ಊರಿಗೆ ಬಂದಾಗ ಇಲ್ಲಿನ ಸಾಕ್ಷಿಗಳ ಮುಂದೆಯೇ ಸಹಿ ಹಾಕಿ, ಜಾರಿದಾರರೂ (ವಿಲ್‌ನಲ್ಲಿ ಹೇಳಿದ್ದನ್ನು ನಡೆಸಿಕೊಡುವವರು) ಇಲ್ಲೇ ಇರುವವರಾಗಲಿ.

ಕ್ರೈಸ್ತರು ನಾವು. ಮದುವೆಗೆ ಮುಂಚೆ ಎಲ್ಲವನ್ನೂ ಅಮ್ಮನ ಹೆಸರಿಗೆ ವಿಲ್ ಬರೆದಿದ್ದೆ. ಈಗ ಹೆಂಡತಿಯ ಹೆಸರು ಸೇರಿಸಿ ಪಕ್ಕದಲ್ಲಿ ಸಹಿ ಹಾಕಿದರೆ ಸಾಕೇ?
— ಓದುಗರು, ಮಂಗಳೂರು

ತಿದ್ದಲು ಅಲ್ಲೇನೂ ಉಳಿದಿಲ್ಲ. ಕ್ರೈಸ್ತರ ವಿಲ್ ಮದುವೆಯಾದ ದಿನವೇ ತಾನಾಗಿ ರದ್ದಾಗುತ್ತದೆ. ಹಿಂದೂಗಳಿಗೆ ಈ ನಿಯಮವಿಲ್ಲ. ಸಾಕ್ಷಿ ಹಾಕಿದವರಿಗೆ ಅಥವಾ ಅವರ ಗಂಡ-ಹೆಂಡತಿಗೆ ಬರೆದ ಭಾಗ ಬಿದ್ದುಹೋಗುತ್ತದೆ ಎಂಬ ನಿಯಮವೂ ನಿಮಗೆ ನೇರವಾಗಿ ಅನ್ವಯ, ಆದ್ದರಿಂದ ಅಣ್ಣನಿಗೇನಾದರೂ ಬರೆಯುವುದಿದ್ದರೆ ಅತ್ತಿಗೆಯನ್ನು ಸಾಕ್ಷಿಗೆ ಕರೆಯಬೇಡಿ. ಹೊಸ ಹಾಳೆಯಲ್ಲಿ ಹೊಸ ವಿಲ್ ಬರೆಯಿರಿ. ನಡುವೆ ತಿದ್ದುಪಡಿ ಬಂದರೆ ಬಿಳಿ ಶಾಯಿ ಬಳಿಯದೆ, ಅಡ್ಡಗೆರೆ ಎಳೆದು, ಅಂಚಿನಲ್ಲಿ ನೀವು ಮತ್ತು ಇಬ್ಬರೂ ಸಾಕ್ಷಿಗಳು ಸಹಿ ಹಾಕಿ. ಮೂರು ಸಹಿಯಲ್ಲಿ ಒಂದು ತಪ್ಪಿದರೂ ಆ ತಿದ್ದುಪಡಿ ಲೆಕ್ಕಕ್ಕೆ ಬರುವುದಿಲ್ಲ.